ಎಲೆಯ ಬಿಸಿಲು, ಚೀಲದ ಯೂರಿಯಾ

ಚೆನ್ನೈಯ ತ್ರಿಪ್ಲಿಕೇನಿನ ಜಾಮ್ ಬಜಾರಿನಲ್ಲಿ ಸೊಪ್ಪು ಕೊಳ್ಳುವವರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ. ಕಡುಹಸಿರಾಗಿದ್ದರೆ ಸತ್ವ ಹೆಚ್ಚು ಎಂಬ ನಂಬಿಕೆ. ಬೆಳೆಗಾರರೂ ಆ ಬಣ್ಣಕ್ಕಾಗಿಯೇ ಯೂರಿಯಾ ಎರಚುತ್ತಾರೆ. ಸಬ್ಸಿಡಿಯಿಂದ ಅಗ್ಗವಾದ ಗೊಬ್ಬರಕ್ಕೆ ಕೈ ಬಿಗಿ ಹಿಡಿಯುವವರು ಕಡಿಮೆ. ಹೆಚ್ಚು ಗೊಬ್ಬರವೆಂದರೆ ಹೆಚ್ಚು ಆಹಾರವೆಂಬ ಈ ಲೆಕ್ಕ ಎಲೆಯೊಳಗೆ ತಾಳೆಯಾಗುವುದಿಲ್ಲ.

ಮಣಲಿಯ ಮದ್ರಾಸ್ ಫರ್ಟಿಲೈಸರ್ಸ್‌ನಂಥ ಕಾರ್ಖಾನೆಗಳು ಭಾರೀ ಶಾಖ, ಒತ್ತಡದಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುತ್ತವೆ. ಅದು ಯೂರಿಯಾ ಆಗಿ ಹೊಲ ಸೇರುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದರ ಬಹುಪಾಲನ್ನು ನೈಟ್ರೇಟ್ ಮಾಡುತ್ತವೆ. ಗಿಡ ಅದನ್ನು ಹೀರಿ ಮತ್ತೆ ಅಮೋನಿಯಾ ಮಾಡಿಕೊಳ್ಳುತ್ತದೆ. ಈ ಸುತ್ತುದಾರಿಯನ್ನು ನಾನು ದಂಡವೆನ್ನಲಾರೆ. ಅಮೋನಿಯಾ ಕೂಡಿಟ್ಟರೆ ಗಿಡಕ್ಕೇ ವಿಷ. ನೈಟ್ರೇಟನ್ನಾದರೆ ಜೀವಕೋಶದ ರಸಚೀಲದಲ್ಲಿ ಶೇಖರಿಸಿಟ್ಟು, ಬೇಕಾದಷ್ಟನ್ನೇ ಬಳಸಬಹುದು.

ಬಳಸುವ ಬಗೆಯೂ ಎಚ್ಚರದ್ದು. ಮಾಲಿಬ್ಡಿನಮ್ ಇರುವ ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವ 2 ಎಲೆಕ್ಟ್ರಾನ್ ಕೊಟ್ಟು ನೈಟ್ರೇಟನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಅಪಾಯಕಾರಿ, ಕೂಡಿಡುವಂತಿಲ್ಲ. ಅದು ಕ್ಲೋರೋಪ್ಲಾಸ್ಟಿನೊಳಗೆ ಹೋಗುತ್ತದೆ. ಅಲ್ಲಿ ನೈಟ್ರೈಟ್ ರಿಡಕ್ಟೇಸ್ ಇನ್ನೂ 6 ಎಲೆಕ್ಟ್ರಾನ್ ಸೇರಿಸಿದ ಮೇಲೆ ಅಮೋನಿಯಾ. ಆ ಆರನ್ನೂ ಹೊತ್ತು ತರುವ ಫೆರೆಡಾಕ್ಸಿನ್ ಎಂಬ ಪ್ರೋಟೀನಿಗೆ ಎಲೆಯಲ್ಲಿ ಬಲ ತುಂಬುವುದು ಬಿಸಿಲು. ಹುಟ್ಟಿದ ಅಮೋನಿಯಾ ಕೂಡಲೇ ಗ್ಲುಟಮಿನ್ ಎಂಬ ಅಮೈನೋ ಆಮ್ಲವಾಗುತ್ತದೆ. ಕತ್ತಲಾಯಿತೆಂದರೆ ಎಲೆ ಮೊದಲ ಕಿಣ್ವವನ್ನೇ ತಡೆಹಿಡಿಯುತ್ತದೆ.

ಎಂದಮೇಲೆ ಕೆಲಸದ ವೇಗ ಗೊಬ್ಬರದ ಚೀಲದ ಕೈಯಲ್ಲಿಲ್ಲ. ಚೆನ್ನೈಯ ಹಿಂಗಾರಿನ ಮೋಡದ ದಿನಗಳಲ್ಲಿ ಎಷ್ಟು ಸುರಿದರೂ ಎಲೆ ತನಗಾದಷ್ಟನ್ನೇ ಬದಲಾಯಿಸೀತು. ಮಿಕ್ಕದ್ದು ಗಿಡದಲ್ಲೇ ಉಳಿಯುತ್ತದೆ, ಎಲೆಗಿಂತ ದಂಟಿನಲ್ಲಿ ಹೆಚ್ಚು. ಹರಿವೆಯಂತೂ ನೈಟ್ರೇಟ್ ಕೂಡಿಡುವ ಜಾತಿಯೇ. ಗಿಡ ಹೀರದ್ದು ಇನ್ನೂ ಕೆಟ್ಟದ್ದು: ಜೇಡಿಮಣ್ಣು ನೈಟ್ರೇಟನ್ನು ಹಿಡಿದಿಡದು, ಮಳೆನೀರಿನ ಜೊತೆ ಅದು ಬಾವಿಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ಮಾನಕ ಹೇಳುತ್ತದೆ. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತ ಆಮ್ಲಜನಕ ಸಾಗಿಸಲಾರದೆ ಹೋಗಬಹುದು. ಊರಿನ ಬಾವಿಗಳಿಗೆ ಚರಂಡಿಯಿಂದಲೂ ನೈಟ್ರೇಟ್ ಸೇರುತ್ತದೆ, ನಿಜ. ಅದಕ್ಕೆ ಹೊಲದ್ದನ್ನೂ ಕೂಡಿಸಲು ಕಾರಣವಿಲ್ಲ.

ಗೊಬ್ಬರವನ್ನು ಕಂತುಕಂತಾಗಿ ಕೊಡಬೇಕು, ಮೋಡ ಕವಿದಾಗ ಕೈ ತಡೆಯಬೇಕು. ಸೊಪ್ಪನ್ನು ನಸುಕಿನಲ್ಲಿ ಕೊಯ್ಯದೆ, ದಿನವಿಡೀ ಬಿಸಿಲುಂಡ ಮೇಲೆ ಸಂಜೆ ಕೊಯ್ದರೆ ನೈಟ್ರೇಟ್ ಕಡಿಮೆ ಇರುತ್ತದೆ. ಹಾಗೆ ಕೊಯ್ದ ಸೊಪ್ಪು ಬೆಳಗಿನ ಸಂತೆಗೆ ತುಸು ಬಾಡಿ ಬಂದೀತು. ಕೊಳ್ಳುವವರು ಅದನ್ನು ಪಕ್ಕಕ್ಕೆ ಸರಿಸುವಷ್ಟು ದಿನ ಬೆಳೆಗಾರರು ನಸುಕಿನಲ್ಲೇ ಕೊಯ್ಯುತ್ತಾರೆ.