ಒಣಗುವ ಹಲಗೆಗೂ ಸಾಲ ಸಿಗಲಿ

ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಗುಬ್ಬಿ ತಾಲ್ಲೂಕು ಚೇಳೂರಿನ ‘ಸಿದ್ದು’ ಹಲಸನ್ನು ಗುರುತಿಸಿ, ಅದರ ಕಸಿ ಗಿಡಗಳಿಗೆ ಬೇಡಿಕೆ ತಂದುಕೊಟ್ಟಿತು. ಹಲಸಿನ ಹಣ್ಣಿಗೆ ದೊರೆತ ಈ ಗೌರವ ಮುಪ್ಪಾದ ಮರಕ್ಕೆ ಇನ್ನೂ ದೊರೆತಿಲ್ಲ. ನಿಂತ ಮರವನ್ನು ಕಣ್ಣಂದಾಜಿನ ಬೆಲೆಗೆ ಮಾರುವ ರೈತನ ಕೈಗೆ ಬರುವುದು ಅಲ್ಪ.

ಹಲಸು ಸಾಮಾನ್ಯ ಮರವಲ್ಲ. ವೀಣೆಯ ಕೊಡವನ್ನು ಕಡೆಯುವುದೂ ಇದರಿಂದಲೇ. ಕೊಯ್ದಾಗ ಹಳದಿಯಾಗಿರುವ ಹಲಗೆ ಕಾಲಕ್ರಮೇಣ ಕಂದುಬಣ್ಣಕ್ಕೆ ತಿರುಗಿ ಮನೆಯ ನೆಲಕ್ಕೂ ಒಪ್ಪುತ್ತದೆ. ಆದರೆ ಮಿಲ್ಲಿನಿಂದ ಬಂದ ಒರಟು ಹಲಗೆಯನ್ನು ನಡುವೆ ರೀಪರು ಇಟ್ಟು, ನೆರಳಿನಲ್ಲಿ ಪೇರಿಸಿ ಒಣಗಿಸಬೇಕು. ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷವೆಂಬುದು ರೂಢಿಯ ಲೆಕ್ಕ. ತೇವಾಂಶ ಶೇ 12ರ ಆಸುಪಾಸಿಗೆ ಇಳಿದ ಮೇಲೆಯೇ ತೋಪಡ ಹಿಡಿದು, ಅಂಚುಗಳು ಒಂದರೊಳಗೊಂದು ಕೂರುವಂತೆ ಕೊರೆಯಬೇಕು. ಹಸಿ ಹಲಗೆ ಹಾಸಿದರೆ ಬೇಸಿಗೆಯಲ್ಲಿ ಸಂದು ಬಿಡುವುದು ಖಚಿತ.

ಮೌಲ್ಯ ಹುಟ್ಟುವುದು ಈ ಕಾಯುವಿಕೆಯಲ್ಲಿ. ಕಾಯಲು ರೈತನಲ್ಲಿ ಬಂಡವಾಳವಿಲ್ಲ. ನಗರದ ನಾವೋ ಮರದ ಗೆರೆಗಳನ್ನು ಮುದ್ರಿಸಿದ ಕಾಗದ ಅಂಟಿಸಿದ ಲ್ಯಾಮಿನೇಟನ್ನು ಮರವೆಂದೇ ಕೊಳ್ಳುತ್ತೇವೆ.

ಇದು ಮರ ಕಡಿಯಲು ಉತ್ತೇಜನವಲ್ಲವೇ ಎಂಬ ಆಕ್ಷೇಪ ಸಹಜ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ಆದೇಶದ ತರುವಾಯ ಗರಗಸ ಮಿಲ್ಲುಗಳ ಮೇಲೆ ಬಿಗಿಯಾದ ನಿಯಂತ್ರಣ ಹಾಗೆಯೇ ಇರಲಿ. ಕಾನೂನುಬದ್ಧವಾಗಿ ಕೊಯ್ದ ಹಲಗೆಯನ್ನು ಒಣಗಿಸುವುದರಿಂದ ಕಾಡಿಗೆ ಕುತ್ತಿಲ್ಲ.

ತಂತ್ರಜ್ಞಾನಕ್ಕೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಸಂಸ್ಥೆಯಿದೆ. ಹಿರೇಹಳ್ಳಿಯಲ್ಲಿ ಸಹಕಾರಿ ತತ್ತ್ವದ ಒಣಗಿಸುವ ಕೊಠಡಿಯೊಂದು ಬರಲಿ. ಉಗ್ರಾಣದ ಧಾನ್ಯದ ಮೇಲೆ ಅಡಮಾನ ಸಾಲ ನೀಡುವಂತೆ ಅಲ್ಲಿನ ಹಲಗೆಯ ಮೇಲೂ ನೀಡಲಿ. ಆಗ ಹಲಸು ನೆಡುವವನಿಗೆ ಹಣ್ಣಿನ ಆಸೆಯೊಡನೆ ಮರದ ಭರವಸೆಯೂ ಇರುತ್ತದೆ.