ಗೋಡೆಯೊಳಗಿನ ತಂತಿಗೆ ಹೊಣೆ ಯಾರು?

ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು 1902ರಲ್ಲಿ ತೊಂಬತ್ತು ಮೈಲಿಗಳಷ್ಟು ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂದಿನಿಂದ ನಮ್ಮವರು ವಿದ್ಯುತ್ತಿನ ವಿಷಯವಾಗಿ ಕೇಳುತ್ತ ಬಂದಿರುವ ಪ್ರಶ್ನೆಗಳು ಎರಡೇ: ಎಷ್ಟು ಉತ್ಪತ್ತಿಯಾಯಿತು? ಎಷ್ಟು ಮನೆಗಳಿಗೆ ತಲುಪಿತು? ಮೀಟರಿನಿಂದಾಚೆಗೆ ಅದು ಹೇಗೆ ಹರಿಯುತ್ತಿದೆಯೆಂದು ವಿಚಾರಿಸುವವರು ವಿರಳ. ದೇಶದ ಅಪಘಾತ ಮರಣಗಳ ಸರಕಾರಿ ವರದಿಗಳಂತೆ 2019, 2020, 2021ರಲ್ಲಿ ವಿದ್ಯುದಾಘಾತದಿಂದ ಸತ್ತವರು ವರ್ಷವೊಂದಕ್ಕೆ ಹತ್ತು ಸಾವಿರಕ್ಕೂ ಮೇಲ್ಪಟ್ಟವರು. ಇವರೆಲ್ಲರೂ ಮನೆಯೊಳಗೆ ಸತ್ತವರಲ್ಲ. ಹೊಲದ ಪಂಪು, ಹರಿದುಬಿದ್ದ ತಂತಿಗಳ ಪಾಲೂ ಇದರಲ್ಲುಂಟು. ಆದರೆ ಮನೆಯೊಳಗಿನ ಸಾವನ್ನು ತಡೆಯುವುದು ಎಲ್ಲಕ್ಕಿಂತ ಸುಲಭ. ತಡೆಯದಿರುವುದು ಎಲ್ಲಕ್ಕಿಂತ ನಾಚಿಕೆಗೇಡು.

ಫ್ಯೂಸು ಅಥವಾ ಎಂ.ಸಿ.ಬಿ. ಇದ್ದರೆ ಸಾಕೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಅವು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಹದಿನಾರು ಆಂಪಿಯರಿನ ಎಂ.ಸಿ.ಬಿ.ಯು ಅದಕ್ಕೆ ಮೀರಿದ ಪ್ರವಾಹಕ್ಕೆ ಮಾತ್ರ ಎಚ್ಚರಗೊಳ್ಳುತ್ತದೆ. ಮನುಷ್ಯನ ಹೃದಯವನ್ನು ನಿಲ್ಲಿಸಲು ಅದರ ನೂರರಲ್ಲೊಂದು ಪಾಲೂ ಬೇಕಿಲ್ಲ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ ಮೂವತ್ತು ಮಿಲಿಆಂಪಿಯರಿನ ವ್ಯತ್ಯಾಸ ಕಂಡೊಡನೆ ಸಂಪರ್ಕವನ್ನು ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಉಪಕರಣವೊಂದಿದೆ. ಅದೂ ಸುಸ್ಥಿತಿಯ ಭೂಸಂಪರ್ಕವೂ ಕೂಡಿದಾಗಲೇ ಮನೆಗೆ ರಕ್ಷಣೆ. ನಮ್ಮ ಎಷ್ಟೋ ಹಳೆಯ ಮನೆಗಳಲ್ಲಿ ಪ್ಲಗ್ಗಿನ ಮೂರನೆಯ ರಂಧ್ರದ ಹಿಂದೆ ತಂತಿಯೇ ಇಲ್ಲ. ಇದ್ದರೂ ಅದು ಸೇರುವ ಗುಂಡಿಯು ಬೇಸಗೆಯಲ್ಲಿ ಒಣಗಿ ನಿರರ್ಥಕವಾಗಿರುತ್ತದೆ. ಎರಡು ದೀಪ, ಒಂದು ಪಂಕಕ್ಕೆಂದು ಎಳೆದ ತಂತಿಯ ಮೇಲೆ ಇಂದು ನೀರು ಕಾಯಿಸುವ ಗೀಸರು, ಇಸ್ತ್ರಿಪೆಟ್ಟಿಗೆಗಳ ಭಾರ ಬಿದ್ದಿದೆ.

ನಿಯಮಗಳಿಗೆ ಕೊರತೆಯಿಲ್ಲ. ತಂತಿಜಾಲಕ್ಕೆ ಭಾರತೀಯ ಮಾನಕ ಬ್ಯೂರೋದ 732ನೆಯ ಮಾನಕವಿದೆ, ಭೂಸಂಪರ್ಕಕ್ಕೆ 3043ನೆಯದಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿಯು ಈ ರಕ್ಷಕ ಉಪಕರಣವನ್ನು ವಿಧಿಸಿತಾದರೂ ಕಡಮೆ ವಿದ್ಯುದ್ಭಾರದ ಮನೆಗಳನ್ನು ಹೊರಗಿಟ್ಟಿತು. ಅಂದರೆ ತಗಡಿನ ಗೋಡೆ, ಒದ್ದೆ ನೆಲಗಳ ನಡುವೆ ಬಾಳುವ ಬಡವನೇ ರಕ್ಷಣೆಯಿಂದ ಹೊರಗುಳಿದನು! ಆ ನಿಯಮಾವಳಿಯ ಸ್ಥಾನಕ್ಕೆ 2023ರಲ್ಲಿ ಹೊಸದು ಬಂದಿದೆ. ಆದರೆ ಅಕ್ಷರ ಬದಲಾದ ಮಾತ್ರಕ್ಕೆ ಹಳೆಯ ಗೋಡೆಯೊಳಗಿನ ತಂತಿ ಬದಲಾಗುವುದೇ?

ಸಂಪರ್ಕ ಕೊಡುವ ಮುನ್ನ ಪರೀಕ್ಷೆ ನಡೆಯತಕ್ಕದ್ದು. ಗುತ್ತಿಗೆದಾರನ ರುಜು ಬಿದ್ದ ಕಾಗದವು ಕಡತ ಸೇರಿದೊಡನೆ ಪರೀಕ್ಷೆ ಮುಗಿಯಿತೆಂದು ಭಾವಿಸುವ ಅಧಿಕಾರಿಗಳಿಗೆ ನಾವು ಹೇಳುವುದಿಷ್ಟೆ: ಸಾವು ರುಜುವನ್ನು ಓದುವುದಿಲ್ಲ. ಮೀಟರಿನಾಚೆಯದು ಗ್ರಾಹಕನ ಹೊಣೆಯೆಂಬ ವಾದ ಕಾನೂನಿಗೆ ಒಪ್ಪಬಹುದು. ತನ್ನ ಮನೆಯಲ್ಲಿ ಭೂಸಂಪರ್ಕವಿದೆಯೋ ಇಲ್ಲವೋ ಅರಿಯದ ಕೂಲಿಕಾರನಿಗೆ ಆ ಹೊಣೆಯನ್ನು ಹೊರಿಸುವುದು ನ್ಯಾಯಕ್ಕೆ ಒಪ್ಪದು.

2023ರಲ್ಲಿ ಆರಂಭವಾದ ಗೃಹಜ್ಯೋತಿಯ ಮೂಲಕ ತಿಂಗಳಿಗೆ ಇನ್ನೂರು ಯೂನಿಟ್‌ಗಳವರೆಗೆ ಉಚಿತ ವಿದ್ಯುತ್ತನ್ನು ಕೊಡಲು ಮುಂದಾದ ಸರಕಾರಕ್ಕೆ, ಬಡ ಮನೆಗಳಿಗೆ ಒಂದೊಂದು ಆರ್.ಸಿ.ಸಿ.ಬಿ.ಯನ್ನೂ ಭೂಸಂಪರ್ಕವನ್ನೂ ಒದಗಿಸುವುದು ಅಸಾಧ್ಯವೇನಲ್ಲ. ಹಳೆಯ ಮನೆಗಳ ತಂತಿಜಾಲವನ್ನು ನಿಯತಕಾಲದಲ್ಲಿ ಉಪಕರಣ ಹಿಡಿದು ಪರೀಕ್ಷಿಸುವ ಏರ್ಪಾಡೂ ಆಗಬೇಕು. ಅನುಕೂಲಸ್ಥರಾದ ಪುರಜನರು ಸರಕಾರದ ದಾರಿ ಕಾಯದೆ ಈ ವಾರವೇ ತಮ್ಮ ಮನೆಗಳನ್ನು ಪರೀಕ್ಷಿಸಿಕೊಳ್ಳಲಿ. ಬೆಳಕನ್ನು ಮನೆಯ ಬಾಗಿಲವರೆಗೆ ತಂದ ಕೀರ್ತಿ ನಮ್ಮ ಹಿರಿಯರದು. ಆ ಬೆಳಕು ಮನೆಯವರನ್ನೇ ಸುಡದಂತೆ ನೋಡಿಕೊಳ್ಳುವ ಕರ್ತವ್ಯ ನಮ್ಮದು.