ಶ್ರುತಿ ಇಳಿಸಿದರೆ ಮರ್ಯಾದೆ ಹೋಗುತ್ತಾ?

ಮೊದಲೇ ಹೇಳಿಬಿಡ್ತೀನಿ, ಈ ಕಥೆಯಲ್ಲಿ ತಪ್ಪು ಮಾಡಿದವನು ನಾನೇ.

ನಮ್ಮಮ್ಮ ಹಾಡ್ತಾರೆ. ತೀರಾ ದೊಡ್ಡ ಹೆಸರೇನಲ್ಲ. ಶಿವಮೊಗ್ಗದ ಸುತ್ತಮುತ್ತ ಭಾವಗೀತೆ, ದೇವರನಾಮ ಅಂದ್ರೆ ಒಂದಷ್ಟು ಜನಕ್ಕೆ ಗೊತ್ತು, ಅಷ್ಟೇ. ಮದುವೆಗೆ ಮುಂಚಿನಿಂದಲೂ ಭದ್ರಾವತಿ ಆಕಾಶವಾಣಿಯಲ್ಲಿ ಹಾಡುತ್ತಿದ್ದವರು. ಈಗ ಐವತ್ತೆಂಟು ವರ್ಷ. ಕಳೆದ ನವೆಂಬರಿನಲ್ಲಿ ಒಂದು ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಕರೆದಿದ್ದರು. "ಮೇಡಂದು ಒಂದು ಒಳ್ಳೇ ಫೋಟೋ ಕಳಿಸಿ ಸಾರ್, ಬ್ಯಾನರಿಗೆ ಬೇಕು" ಅಂತ ನನಗೆ ಮೆಸೇಜು ಬಂತು.

ಅಮ್ಮನ ಇತ್ತೀಚಿನ ಫೋಟೋ ನನ್ನ ಫೋನಿನಲ್ಲೇ ಇತ್ತು. ಚೆನ್ನಾಗೇ ಇತ್ತು. ಆದ್ರೂ ಕೈ ಸುಮ್ಮನಿರಬೇಕಲ್ಲ! ಸಾಫ್ಟ್‌ವೇರ್ ಇಂಜಿನಿಯರ್ ಬೇರೆ. ಒಂದು ಆಪ್‌ಗೆ ಹಾಕಿ ಕೆನ್ನೆಯ ಗೆರೆಗಳನ್ನು ಒರೆಸಿದೆ, ಕಣ್ಣಿನ ಕೆಳಗಿನ ಕಪ್ಪು ತೆಗೆದೆ, ಬೈತಲೆ ಹತ್ತಿರದ ಬಿಳಿ ಕೂದಲಿಗೆ ಬಣ್ಣ ತುಂಬಿದೆ. ಐದು ನಿಮಿಷದ ಕೆಲಸ. ಅಮ್ಮನಿಗೆ ಹದಿನೈದು ವರ್ಷ ಕಮ್ಮಿ ಆಯ್ತು. ಅವರನ್ನು ಒಂದು ಮಾತು ಕೇಳದೆ ಕಳಿಸಿಯೂ ಬಿಟ್ಟೆ.

ಕಾರ್ಯಕ್ರಮದ ದಿನ ಗೇಟಿನ ಹತ್ತಿರ ಆಟೋ ಇಳಿದು ಅಮ್ಮ ಬ್ಯಾನರ್ ನೋಡಿದರು. "ಯಾರೋ ಇವ್ಳು?" ಅಂದು ನಕ್ಕರು. ನಾನೂ ನಕ್ಕೆ. ಹಾಡೆಲ್ಲ ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಬಂದು ಅಮ್ಮನ ಕೈ ಹಿಡಿದುಕೊಂಡು ತುಂಬಾ ಹೊಗಳಿದರು. ಹೋಗ್ತಾ ಹೋಗ್ತಾ "ಹೊರಗೆ ಬ್ಯಾನರಿನಲ್ಲಿರೋದು ನಿಮ್ಮ ಮಗಳಾ? ಅವಳೂ ಹಾಡ್ತಾಳಾ?" ಅಂದರು.

ವಾಪಸ್ ಬರುವಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಮುಖದಲ್ಲಿ ಏನು ಸರಿ ಇರಲಿಲ್ಲ ಅಂತ ಸರಿ ಮಾಡಿದೆ?"

ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವತ್ತಿಂದ ತಲೆಯಲ್ಲಿ ಓಡ್ತಾ ಇರೋದನ್ನ ಇಲ್ಲಿ ಬರೀತಿದ್ದೀನಿ.

ನಾನೇನು ಸಾಚಾ ಅಲ್ಲ ಬಿಡಿ. ಇಪ್ಪತ್ತೊಂಬತ್ತಕ್ಕೇ ನೆತ್ತಿ ಖಾಲಿಯಾಗ್ತಿದೆ. ಬೆಂಗಳೂರಿನ ಎಲ್ಲ ಐಟಿ ಹುಡುಗರ ಹಾಗೆ ನಾನೂ ಬೋರ್‌ವೆಲ್ ನೀರನ್ನು ಬೈದುಕೊಂಡು ಓಡಾಡ್ತೀನಿ. ವಿಡಿಯೋ ಕಾಲಿನಲ್ಲಿ ಕ್ಯಾಮೆರಾ ಸ್ವಲ್ಪ ಕೆಳಗೆ ಇಟ್ಟುಕೊಳ್ತೀನಿ, ನೆತ್ತಿ ಕಾಣದ ಹಾಗೆ :) ಆದರೆ ನನ್ನ ಕೋಡನ್ನು ಯಾರೂ ನನ್ನ ಕೂದಲು ನೋಡಿ ಅಳೆಯೋದಿಲ್ಲ. ವೇದಿಕೆ ಮೇಲೆ ಕೂತವರ ಕಷ್ಟವೇ ಬೇರೆ.

ಅವತ್ತಿನ ಕಾರ್ಯಕ್ರಮದಲ್ಲೇ ಇನ್ನೊಂದು ಸಂಗತಿ ನಡೀತು. ಅದನ್ನು ನಾನು ಆಗ ಸರಿಯಾಗಿ ಗಮನಿಸಿರಲಿಲ್ಲ. ಅಮ್ಮ ಮೊದಲೆಲ್ಲ ಐದೂವರೆ ಶ್ರುತಿಯಲ್ಲಿ ಹಾಡುತ್ತಿದ್ದವರು. ಈಗ ಮೇಲಿನ ಸ್ವರಗಳಿಗೆ ಗಂಟಲು ಮೊದಲಿನಷ್ಟು ಸಲೀಸಾಗಿ ಹೋಗಲ್ಲ. ಹಾಡಲು ಕೂತ ಕೂಡಲೇ ಪಕ್ಕದವರಿಗೆ "ನಾಲ್ಕೂವರೆಗೆ ಇಟ್ಕೊಳ್ಳಿ, ಈಗ ನಂದು ಅಷ್ಟೇ" ಅಂದರು. ಮೈಕ್ ಆನ್ ಆಗೇ ಇತ್ತು, ಎಲ್ಲರಿಗೂ ಕೇಳಿಸ್ತು. ಕೀಬೋರ್ಡಿನವರು ಒಂದು ಬಟನ್ ಒತ್ತಿದರು. ಕೊಳಲಿನವರು ಚೀಲದಿಂದ ಬೇರೆ ಕೊಳಲು ತೆಗೆದರು. ತಬಲಾದವರು ಒಂದು ಬಲಗೈ ತಬಲಾ ಪಕ್ಕಕ್ಕಿಟ್ಟು ಇನ್ನೊಂದನ್ನು ಎಳೆದುಕೊಂಡು ಸುತ್ತಿಗೆಯಲ್ಲಿ ಕುಟ್ಟಿ ಸರಿ ಮಾಡಿಕೊಂಡರು. ಮೂರು ನಿಮಿಷ. ಯಾರೂ ನಗಲಿಲ್ಲ, ಯಾರೂ 'ಪಾಪ' ಅನ್ನಲಿಲ್ಲ.

ಗಂಟಲಿಗೂ ವಯಸ್ಸಾಗುತ್ತೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತಾ ಹೋಗುತ್ತೆ, ಶ್ವಾಸಕೋಶದ ಹಿಗ್ಗುವ ಕುಗ್ಗುವ ಶಕ್ತಿ ಕಮ್ಮಿಯಾಗುತ್ತೆ, ಉಸಿರು ಬೇಗ ಖಾಲಿ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಹಾರ್ಮೋನಿನ ಬದಲಾವಣೆಯಿಂದ ದನಿ ಸ್ವಲ್ಪ ಕೆಳಗಿಳಿಯುತ್ತೆ. ತಮಾಷೆ ಅಂದ್ರೆ ಗಂಡಸರಿಗೆ ಉಲ್ಟಾ, ಮುದಿಯಾದಂತೆ ದನಿಪದರ ತೆಳುವಾಗಿ ಸ್ವರ ತುಸು ಮೇಲೇರುತ್ತೆ. ಇದೆಲ್ಲ ಸಂಗೀತಗಾರರಿಗೆ ಗೊತ್ತು. ಅದಕ್ಕೆ ಅವರ ಹತ್ತಿರ ಒಂದು ಮರ್ಯಾದಸ್ಥ ಉಪಾಯವೂ ಇದೆ: ಶ್ರುತಿ ಇಳಿಸಿಕೊಂಡು ಹಾಡೋದು. ರಾಗ ಅದೇ, ಸಾಹಿತ್ಯ ಅದೇ, ನಿಲ್ಲುವ ನೆಲ ಮಾತ್ರ ಒಂದು ಮೆಟ್ಟಿಲು ಕೆಳಗೆ.

ನನ್ನ ಪ್ರಶ್ನೆ ಇಷ್ಟೇ. ದನಿಗೆ ಕೊಟ್ಟ ಈ ಅವಕಾಶವನ್ನು ನಾವು ಮುಖಕ್ಕೆ ಯಾಕೆ ಕೊಡಲ್ಲ?

ಇಲ್ಲಿ ಗಂಗೂಬಾಯಿ ಹಾನಗಲ್ ನೆನಪಾಗ್ತಾರೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಅವರ 1930ರ ದಶಕದ ಧ್ವನಿಮುದ್ರಿಕೆ ಸಿಕ್ಕಿದರೆ ಒಮ್ಮೆ ಕೇಳಿ. ತೆಳ್ಳಗಿನ, ಎತ್ತರದ, ಎಳೇ ಹುಡುಗಿಯ ದನಿ. ನಮಗೆಲ್ಲ ಗೊತ್ತಿರೋ ಗಂಗೂಬಾಯಿ ಅದಲ್ಲವೇ ಅಲ್ಲ. 1940ರ ದಶಕದಲ್ಲಿ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಆ ದನಿ ಹೋಯ್ತು. ಬಂದಿದ್ದು ಗಂಡುದನಿ ಅನ್ನಿಸುವಷ್ಟು ಆಳವಾದ ಇನ್ನೊಂದು. ಯೋಚನೆ ಮಾಡಿ, ಹಾಡಿಯೇ ಬದುಕಬೇಕಾದ ಹೆಂಗಸಿಗೆ ಮೂವತ್ತರ ಆಸುಪಾಸಿನಲ್ಲಿ ಇದ್ದ ದನಿಯೇ ಹೋಗಿಬಿಟ್ಟರೆ? ಅವರು ಹಳೇ ದನಿಯನ್ನು ನಕಲು ಮಾಡಲಿಲ್ಲ. ಸಿಕ್ಕ ದನಿಯಲ್ಲೇ ಹಾಡಿದರು. ಆ ದನಿಯೇ ಅವರ ಗುರುತಾಯ್ತು. 2006ರಲ್ಲಿ, ತಮ್ಮ ಹಾಡುಗಾರಿಕೆಗೆ 75 ವರ್ಷ ತುಂಬಿದ ಹೊತ್ತಿನಲ್ಲಿ, 93ನೇ ವಯಸ್ಸಿನಲ್ಲಿ ಕೊನೆಯ ಕಛೇರಿ ಕೊಟ್ಟರು. 2009ರ ಜುಲೈನಲ್ಲಿ ತೀರಿಕೊಂಡರು.

ಅವರ ಕೊನೆಗಾಲದ ಫೋಟೋಗಳನ್ನು ನೋಡಿ. ನೆರೆತ ಕೂದಲು, ದೊಡ್ಡ ಕುಂಕುಮ, ಮೂಗುಬೊಟ್ಟು, ಮುಖದ ತುಂಬ ಗೆರೆ. ನನ್ನ ಆಪ್‌ಗೆ ಕೊಟ್ಟಿದ್ದರೆ ಅದು ಎಷ್ಟು ಒರೆಸಿಹಾಕ್ತಿತ್ತೋ! ಒರೆಸಿದ ಮೇಲೆ ಆ ಫೋಟೋದಲ್ಲಿ ಗಂಗೂಬಾಯಿ ಉಳೀತಿರಲಿಲ್ಲ.

ಗಂಡಸಾದರೆ ಪಂಡಿತ, ಉಸ್ತಾದ ಅನ್ನಿಸಿಕೊಳ್ತಾನೆ, ಹೆಂಗಸು ಎಷ್ಟೇ ದೊಡ್ಡ ಗಾಯಕಿಯಾದರೂ ಬಾಯಿ ಆಗಿಯೇ ಉಳೀತಾಳೆ ಅನ್ನೋ ಅರ್ಥದ ಮಾತನ್ನೂ ಅವರು ಆಡಿದ್ದರು. ಬಿರುದಿನ ವಿಷಯದಲ್ಲಿ ಅವರು ಹೇಳಿದ್ದು ಬಿಳಿ ಕೂದಲಿಗೂ ಒಪ್ಪುತ್ತೆ ಅಂತ ನನಗನ್ನಿಸುತ್ತೆ. ಭೀಮಸೇನ ಜೋಶಿ ಹಾಡುವಾಗ ಮುಖ ಹೇಗೆಲ್ಲ ತಿರುಚಿಕೊಳ್ತಿತ್ತು, ಕೈ ಎಲ್ಲೆಲ್ಲಿ ಹೋಗ್ತಿತ್ತು, ನೆನಪಿದೆಯಲ್ಲ? ಅದನ್ನು ನಾವು ತನ್ಮಯತೆ ಅಂದೆವು. ಅಂದಿದ್ದು ಸರೀನೇ. ನಮ್ಮ ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ (1920-2014) ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಜನ ಮಾತಾಡಿದ್ದು ಅವರ ಕಂಠದ ಬಗ್ಗೆ. ಹಾಗೇ ಇರಬೇಕು. ಅದೇ ಹೆಂಗಸರ ಕಛೇರಿಯಿಂದ ಹೊರಗೆ ಬರುವಾಗ ಕಿವಿಗೊಟ್ಟು ಕೇಳಿ. "ಚೆನ್ನಾಗಿ ಹಾಡಿದ್ರು, ಆದ್ರೆ ಯಾಕೋ ತುಂಬಾ ಇಳಿದುಹೋಗಿದಾರೆ ಅಲ್ವಾ", "ಸೀರೆ ಒಪ್ತಿರಲಿಲ್ಲ". ಎಂ.ಎಸ್. ಸುಬ್ಬುಲಕ್ಷ್ಮಿಯವರ ಸೀರೆಯಿಂದ ಒಂದು ಬಣ್ಣಕ್ಕೇ 'ಎಂ.ಎಸ್. ಬ್ಲೂ' ಅಂತ ಹೆಸರು ಬಂತು. ಅದು ಅಭಿಮಾನವೇ, ಇಲ್ಲ ಅನ್ನಲ್ಲ. ಆದರೆ ಯಾವ ವಿದ್ವಾಂಸರ ಪಂಚೆಯ ಅಂಚಿಗಾದರೂ ಹೀಗೆ ಹೆಸರು ಬಿದ್ದಿದ್ದನ್ನು ನಾನಂತೂ ಕೇಳಿಲ್ಲ :)

ಅಮ್ಮ ಒಂದು ಮಾತು ಹೇಳ್ತಾರೆ. ರೇಡಿಯೋದಲ್ಲಿ ಹಾಡ್ತಿದ್ದಾಗ ಅವರ ಮುಖ ಯಾರಿಗೂ ಗೊತ್ತಿರಲಿಲ್ಲವಂತೆ. ಕೇಳುಗರ ಪತ್ರ ಬರ್ತಿತ್ತಂತೆ, ಕೆಲವರು "ತಾಯೀ" ಅಂತ ಬರೆದರೆ ಕೆಲವರು "ತಂಗೀ" ಅಂತ. ದನಿ ಕೇಳಿ ಅವರವರಿಗೆ ಬೇಕಾದ ಮುಖ ಕಲ್ಪಿಸಿಕೊಳ್ತಿದ್ದರು. ಸಿನಿಮಾ ಹಿನ್ನೆಲೆ ಗಾಯನದ್ದೂ ಇದೇ ಅನುಕೂಲ. 2004ರಲ್ಲಿ 'ವೀರ್ ಝಾರಾ' ಬಂದಾಗ ಪ್ರೀತಿ ಜಿಂಟಾಗೆ 29, ಹಾಡಿದ ಲತಾ ಮಂಗೇಶ್ಕರ್‌ಗೆ 75. ಥಿಯೇಟರಿನಲ್ಲಿ ಯಾರಾದರೂ ಎದ್ದುಹೋದರಾ? ಮುಖ ಕಾಣದಿದ್ದರೆ ವಯಸ್ಸು ನಮಗೆ ಅಷ್ಟು ದೊಡ್ಡ ವಿಷಯವೇ ಅಲ್ಲ ಅಂತಾಯ್ತು. ಈಗ ಮೂವತ್ತು ಸೆಕೆಂಡಿನ ರೀಲ್ಸ್ ಕಾಲ. ಹಾಡು ಕಿವಿಗೆ ತಲುಪೋ ಮುಂಚೆ ಕಣ್ಣು ತೀರ್ಪು ಕೊಟ್ಟಿರುತ್ತೆ.

ಹಾಗಂತ ಸಂಗೀತಗಾರರೆಲ್ಲ ಬಣ್ಣ ಹಚ್ಚೋದು ಬಿಟ್ಟು ಬಿಳಿ ಕೂದಲಲ್ಲೇ ಬರಬೇಕು ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದರೆ ಅದೂ ಇನ್ನೊಂದು ತರಹದ ಅಧಿಕಪ್ರಸಂಗವೇ. ನಮ್ಮಮ್ಮನೂ ಕಾರ್ಯಕ್ರಮಕ್ಕೆ ಮುಂಚೆ ಎರಡು ದಿನ ಸೀರೆ ಆರಿಸ್ತಾರೆ, ಮಲ್ಲಿಗೆ ಮುಡೀತಾರೆ, ಮನಸ್ಸು ಬಂದಾಗ ಗೋರಂಟಿ ಹಚ್ಚಿ ಕೂದಲು ಕೆಂಪು ಮಾಡ್ಕೊಳ್ತಾರೆ. "ಕೇಳೋಕೆ ಬಂದವರ ಎದುರು ಅಚ್ಚುಕಟ್ಟಾಗಿ ಕೂರೋದು ಮರ್ಯಾದೆ" ಅಂತಾರೆ. ಸಿಂಗಾರ ಮಾಡಿಕೊಳ್ಳೋದಕ್ಕೂ ವಯಸ್ಸು ಮುಚ್ಚಿಡೋದಕ್ಕೂ ವ್ಯತ್ಯಾಸ ಇದೆ, ಆ ಗೆರೆ ಎಳೆಯಬೇಕಾದವರು ಅವರೇ ಹೊರತು ನಾನಲ್ಲ.

ಈ ಗೆರೆಯನ್ನು ಬೇರೆಯವರು ಎಳೆದರೆ ಏನಾಗುತ್ತೆ ಅನ್ನೋದಕ್ಕೆ ಮಡೋನಾ ಸಾಕ್ಷಿ. 2023ರ ಫೆಬ್ರವರಿಯಲ್ಲಿ ಗ್ರ್ಯಾಮಿ ಸಮಾರಂಭದ ವೇದಿಕೆಗೆ ಬಂದಾಗ ಆಕೆಗೆ 64. ಮರುದಿನ ಎಲ್ಲ ಕಡೆ ಚರ್ಚೆ ಆಕೆಯ ಮುಖದ್ದೇ. ಏನೋ ಮಾಡಿಸಿಕೊಂಡಿದ್ದಾಳೆ, ಗುರುತೇ ಸಿಗ್ತಿಲ್ಲ ಅಂತ. ವಯಸ್ಸಾದವರನ್ನೂ ಹೆಂಗಸರನ್ನೂ ಸಹಿಸದ ಲೋಕ ಇದು ಅಂತ ಆಕೆ ತಿರುಗಿ ಬರೆದಳು. ಆಕೆಯ ಎಲ್ಲ ನಡವಳಿಕೆ ನನಗೆ ಇಷ್ಟ ಅಂತಲ್ಲ. ಆದರೆ ಲೆಕ್ಕ ನೋಡಿ: ಸುಕ್ಕು ಬಿಟ್ಟುಕೊಂಡರೆ 'ಮುದುಕಿ', ತೆಗೆಸಿಕೊಂಡರೆ 'ಪ್ಲಾಸ್ಟಿಕ್'. ಎರಡೂ ಕಡೆ ಫೇಲ್ ಆಗೋ ಪರೀಕ್ಷೆಯನ್ನು ಇಟ್ಟವರು ಯಾರು? ನಾವೇ, ಎದುರಿನ ಕುರ್ಚಿಯಲ್ಲಿ ಕೂತವರು.

ನಾನು ಮಾಡಿದ್ದೂ ಅದೇ ಅಲ್ವಾ? ಯಾರೂ ಅಮ್ಮನಿಗೆ ವಯಸ್ಸಾಯ್ತು ಅಂದಿರಲಿಲ್ಲ. ಅನ್ನಬಹುದು ಅಂತ ಹೆದರಿ ಅವರಿಗಿಂತ ಮುಂಚೆ ನಾನೇ ಅಂದುಬಿಟ್ಟೆ. ಪ್ರೀತಿಯಿಂದ ಮಾಡಿದೆ ಅಂದ್ಕೊಂಡಿದ್ದೆ. ಆದರೆ ಆ ಫೋಟೋ ಹೇಳಿದ್ದು ಇಷ್ಟೇ: ನೀವು ಈಗ ಇರೋ ಹಾಗೆ ಬ್ಯಾನರಿಗೆ ಸಾಲಲ್ಲ.

ಶ್ರುತಿ ಇಳಿಸಿದ್ದಕ್ಕೆ ಅವತ್ತು ಹಾಡು ಕೆಡಲಿಲ್ಲ. ನಿಜ ಹೇಳಬೇಕಂದ್ರೆ ಕೆಳಗಿನ ಸ್ವರಗಳಲ್ಲಿ ಅಮ್ಮನ ದನಿಗೆ ಮೊದಲಿಲ್ಲದ ಒಂದು ಭಾರ ಬಂದಿದೆ. ಹಳೇ ಕ್ಯಾಸೆಟ್ಟಿನಲ್ಲಿರೋ ಅದೇ ಭಾವಗೀತೆಯನ್ನು ಪಕ್ಕದಲ್ಲಿಟ್ಟು ಕೇಳಿದೆ. ಆಗಿನದು ಚುರುಕು, ಚಂದ. ಈಗಿನದರಲ್ಲಿ ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ಒಂದು ಕಡೆ ನಿಲ್ಲಿಸ್ತಾರೆ. ಆ ನಿಲ್ಲಿಸಿದ ಜಾಗದಲ್ಲಿ ಪದದ ಅರ್ಥ ನನಗೆ ಮೊದಲ ಸಲ ತಟ್ಟಿತು. ಎಲ್ಲರಿಗೂ ಹಾಗೇ ಅನ್ನಿಸಬೇಕು ಅಂತಿಲ್ಲ. ನಾನು ಮಗ, ಪಕ್ಷಪಾತ ಇದ್ದೇ ಇರುತ್ತೆ.

ಯುಗಾದಿಗೆ ಇನ್ನೊಂದು ಕಾರ್ಯಕ್ರಮ ಒಪ್ಪಿಕೊಂಡಿದ್ದಾರೆ. ಫೋಟೋ ಕೇಳಿದ್ದಾರೆ. ಈ ಸಲ ನಾನು ಫೋನನ್ನೇ ಅಮ್ಮನ ಕೈಗೆ ಕೊಟ್ಟು "ನೀವೇ ಆರಿಸಿ" ಅಂದೆ. ಅರ್ಧ ಗಂಟೆ ಹುಡುಕಿ, ಅಡುಗೆಮನೆ ಬಾಗಿಲಲ್ಲಿ ತಂಬೂರಿ ಒರೆಸ್ತಾ ಕೂತಿರೋ ಒಂದು ಫೋಟೋ ಆರಿಸಿದರು. ಬೈತಲೆ ಬೆಳ್ಳಗಿದೆ, ಕನ್ನಡಕ ಸ್ವಲ್ಪ ಸೊಟ್ಟ. ಕನ್ನಡಕವನ್ನಾದರೂ ನೆಟ್ಟಗೆ ಮಾಡ್ಲಾ ಅಂತ ಕೇಳಿದೆ. ಬೈಸಿಕೊಂಡೆ.

ನಿಮ್ಮ ಮನೆಯಲ್ಲೂ ಹಾಡೋರು, ನುಡಿಸೋರು, ಕುಣಿಯೋರು ಇದ್ದರೆ ಒಮ್ಮೆ ಕೇಳಿ ನೋಡಿ, ಅವರಿಗೆ ಏನನ್ನಿಸುತ್ತೆ ಅಂತ. ಕೇಳಿ ಇಲ್ಲಿ ಕಾಮೆಂಟಿನಲ್ಲಿ ಬರೀರಿ. ಬರೀ "ಚೆನ್ನಾಗಿದೆ" ಅಂತ ಬರೆದು ತಪ್ಪಿಸ್ಕೊಬೇಡಿ, ಆಯ್ತಾ?